ಅಪ್ಪಿಕೊಂಡ ಮರುದಿನ ಏನಾಯಿತು? ಕನ್ನಡ ಚಿತ್ರಕಥೆ ಬರೆಯುವವರಿಗೊಂದು ಬಹಿರಂಗ ಪತ್ರ

ಕರ್ನಾಟಕ ಚಲನಚಿತ್ರ ಅಕಾಡೆಮಿಯ ಅಧ್ಯಕ್ಷರಿಗೆ, ಸದಸ್ಯರಿಗೆ, ಕನ್ನಡದಲ್ಲಿ ಕತೆ, ಚಿತ್ರಕಥೆ, ಸಂಭಾಷಣೆ ಬರೆಯುವ ಎಲ್ಲರಿಗೆ,

ಮಾನ್ಯರೇ,

ಗಂಡ ಹೆಂಡತಿಯ ಮುನಿಸನ್ನು ಕತೆಯಾಗಿಸಿಕೊಂಡ ನಮ್ಮ ಎಷ್ಟೋ ಚಿತ್ರಗಳು ಕೊನೆಗೆ ಬಂದು ನಿಲ್ಲುವುದು ಆಸ್ಪತ್ರೆಯಲ್ಲಿ. ಅವನಿಗೆ ಅಪಘಾತವಾಗುತ್ತದೆ, ಇಲ್ಲವೇ ಮಗುವಿಗೆ ಜ್ವರ ಏರುತ್ತದೆ, ಇಲ್ಲವೇ ಅವಳು ತಲೆಸುತ್ತಿ ಬಿದ್ದು ಡಾಕ್ಟರು ಸಿಹಿಸುದ್ದಿ ಹೇಳುತ್ತಾರೆ. ಕಾರಿಡಾರಿನಲ್ಲಿ ಇಬ್ಬರೂ ಅಳುತ್ತಾರೆ, ಅಪ್ಪಿಕೊಳ್ಳುತ್ತಾರೆ, ಹಳೆಯ ಹಾಡು ಹಿನ್ನೆಲೆಯಲ್ಲಿ ಮರುಕಳಿಸುತ್ತದೆ, ಶುಭಂ. ಆದರೆ ಜಗಳ ಹುಟ್ಟಿದ್ದು ಎಲ್ಲಿ? ಅವಳು ಕೆಲಸಕ್ಕೆ ಹೋಗುವುದು ಮನೆಯವರಿಗೆ ಸರಿಬರಲಿಲ್ಲ. ಅವಳ ಎಟಿಎಂ ಕಾರ್ಡು ಅವನ ಪರ್ಸಿನಲ್ಲಿತ್ತು. ತವರಿಗೆ ಹೋಗಬೇಕಾದರೆ ಕೇಳಿಕೊಂಡೇ ಹೋಗಬೇಕಿತ್ತು. ಈ ಮೂರರಲ್ಲಿ ಒಂದಾದರೂ ಬದಲಾಯಿತೇ? ಚಿತ್ರ ಹೇಳುವುದಿಲ್ಲ, ಅಷ್ಟರಲ್ಲಿ ಮುಗಿದುಹೋಗಿರುತ್ತದೆ.

ಈ ಪತ್ರ ಬರೆಯುತ್ತಿರುವ ನಮ್ಮಲ್ಲಿ ಕೌಟುಂಬಿಕ ನ್ಯಾಯಾಲಯಗಳಲ್ಲಿ ವಕೀಲಿಕೆ ಮಾಡುವವರಿದ್ದಾರೆ, ಆಪ್ತಸಮಾಲೋಚಕರಿದ್ದಾರೆ, ಮಧ್ಯಸ್ಥಿಕೆಗೆ ಕೂರುವವರಿದ್ದಾರೆ. ಎಲ್ಲರೂ ಕನ್ನಡ ಚಿತ್ರ ಬಿಡದೆ ನೋಡುವವರು. ಮದುವೆಯೊಳಗಿನ ಸ್ವಾತಂತ್ರ್ಯ ಅಂದರೆ ನಮ್ಮ ಸಿನಿಮಾದಲ್ಲಿ ಹೊಸಿಲು ದಾಟುವುದೋ ಬಿಡುವುದೋ ಎಂಬ ಒಂದೇ ಪ್ರಶ್ನೆಯಾಗಿ ಕೂತುಬಿಟ್ಟಿದೆ. ದಾಟಿದರೆ ಅವಳು ಕೆಟ್ಟಳು ಅಥವಾ ದುರಂತ ನಾಯಕಿ, ದಾಟದಿದ್ದರೆ ಗೃಹಲಕ್ಷ್ಮಿ. ಹೊಸಿಲಿನ ಒಳಗೇ ಮದುವೆಯೊಂದು ಬದಲಾಗಬಹುದು, ಬದಲಾಗುವುದಕ್ಕೆ ತಿಂಗಳುಗಟ್ಟಲೆ ಬೇಕು, ಅದಕ್ಕೆ ಹಣ, ಕೀಲಿ, ಸಮಯ, ಕಾಗದ ಎಲ್ಲವೂ ಬೇಕು ಎಂಬುದು ಪರದೆಯ ಮೇಲೆ ಬರುವುದು ಅಪರೂಪ. ಅದನ್ನು ಬರೆಯಿರಿ ಎಂದು ಕೇಳುವುದಕ್ಕೇ ಈ ಪತ್ರ.

ಕನ್ನಡಕ್ಕೆ ಇದು ಗೊತ್ತಿಲ್ಲದ್ದೇನಲ್ಲ. ತ್ರಿವೇಣಿಯವರ ಕಾದಂಬರಿಯಿಂದ ಪುಟ್ಟಣ್ಣ ಕಣಗಾಲ್ 1967ರಲ್ಲಿ ‘ಬೆಳ್ಳಿಮೋಡ’ ಮಾಡಿದರು. ಇಂದಿರಾಳ ಆಸ್ತಿಯ ಮೇಲೆ ಕಣ್ಣಿಟ್ಟು ಮದುವೆಗೆ ಒಪ್ಪಿದ್ದ ಮೋಹನ, ಅವಳಿಗೊಬ್ಬ ತಮ್ಮ ಹುಟ್ಟಿದ ಮೇಲೆ ಹಿಂದೆ ಸರಿಯುತ್ತಾನೆ. ಮುಂದೆ ಅವನೇ ಪೆಟ್ಟು ಮಾಡಿಕೊಂಡು ಹಾಸಿಗೆ ಹಿಡಿದಾಗ ಅವಳು ಆರೈಕೆ ಮಾಡುತ್ತಾಳೆ. ಅವನು ಕರಗುತ್ತಾನೆ, ಮದುವೆಯಾಗೋಣ ಎನ್ನುತ್ತಾನೆ. ಅವಳು ಒಲ್ಲೆ ಎನ್ನುತ್ತಾಳೆ. ಇಲ್ಲೂ ಅಪಘಾತವಿದೆ, ಶುಶ್ರೂಷೆಯಿದೆ, ಪಶ್ಚಾತ್ತಾಪವಿದೆ. ಆದರೂ ಕರುಣೆ ಬೇರೆ, ಒಪ್ಪಿಗೆ ಬೇರೆ ಎಂದು ಆ ಚಿತ್ರ ಖಚಿತವಾಗಿ ನಿಲ್ಲುತ್ತದೆ. ಇವತ್ತು ಅದೇ ಪೆಟ್ಟು, ಅದೇ ಶುಶ್ರೂಷೆಯನ್ನು ರಾಜಿ ಮಾಡಿಸುವುದಕ್ಕೆ ಬಳಸುತ್ತಿದ್ದೇವೆ.

‘ಶರಪಂಜರ’ವನ್ನು ಎಲ್ಲರೂ ಕಲ್ಪನಾ ಅವರ ಅಭಿನಯಕ್ಕಾಗಿ ನೆನೆಯುತ್ತಾರೆ. ಚಿತ್ರಕಥೆ ಬರೆಯುವವರು ಅದನ್ನು ಇನ್ನೊಂದು ಕಾರಣಕ್ಕೆ ನೋಡಬೇಕು. ಹೆರಿಗೆಯ ನಂತರ ಮನಸ್ಸು ಕೆಟ್ಟು, ಚಿಕಿತ್ಸೆ ಪಡೆದು, ವಾಸಿಯಾಗಿ ಮನೆಗೆ ಬಂದ ಕಾವೇರಿಯ ಎದುರು ಮನೆ ಹೇಗೆ ನಡೆದುಕೊಳ್ಳುತ್ತದೆ ಎಂಬುದೇ ಆ ಚಿತ್ರದ ದ್ವಿತೀಯಾರ್ಧ. ದೊಡ್ಡ ಕ್ರೌರ್ಯವೇನೂ ನಡೆಯುವುದಿಲ್ಲ. ಅವಳು ಏನು ಮಾಡಿದರೂ ಸುತ್ತಲಿನವರ ಕಣ್ಣಲ್ಲಿ ಒಂದು ಅನುಮಾನ, ಮಾತಿನಲ್ಲಿ ಒಂದು ಹಿಂಜರಿಕೆ, ಅಷ್ಟೇ. ಈ ನಡುವೆ ಗಂಡ ಬೇರೊಬ್ಬಳ ಕಡೆಗೆ ವಾಲಿದ್ದಾನೆ; ಅವನ ಆ ಬದಲಾವಣೆಗೆ ಯಾರೂ ಲೆಕ್ಕ ಕೇಳುವುದಿಲ್ಲ. ಮನೆ ಅವಳನ್ನು ಹಳೆಯ ಕಾವೇರಿ ಎಂದೂ ಒಪ್ಪಲಿಲ್ಲ, ಹೊಸ ಕಾವೇರಿ ಎಂದೂ ಒಪ್ಪಲಿಲ್ಲ. ಮನೆಗೆ ಬಂದ ಮರುದಿನದಿಂದಲೇ ಕತೆ ಬೆಳೆಸಿದ ಚಿತ್ರ ಅದು. ಮಾನಸಿಕ ಕಾಯಿಲೆ ಎಂದು ವೈದ್ಯರು ಹೆಸರಿಟ್ಟ ಮಾತ್ರಕ್ಕೆ ವಿಚ್ಛೇದನ ಸಿಗುವುದಿಲ್ಲ, ಕಾಯಿಲೆ ಜೊತೆಗೆ ಬಾಳಲು ಆಗದಷ್ಟು ತೀವ್ರವೇ ಎಂದು ನೋಡಬೇಕು ಎಂದು ಸುಪ್ರೀಂ ಕೋರ್ಟ್ 1988ರಲ್ಲಿ ಹೇಳಿತು. ಇಷ್ಟಾದರೂ ‘ಹೆಂಡತಿಗೆ ಹುಚ್ಚು’ ಎಂಬ ಒಂದು ಸರ್ಟಿಫಿಕೇಟು ತೋರಿಸಿ ಮದುವೆ ಮುರಿಯುವ ದೃಶ್ಯಗಳು ಇನ್ನೂ ಬರುತ್ತಲೇ ಇವೆ.

1981ರ ‘ರಂಗನಾಯಕಿ’ಯದು ಇನ್ನೂ ನೇರವಾದ ಪ್ರಶ್ನೆ. ನಾಟಕದ ಕಲಾವಿದೆ ಮದುವೆಯಾಗಿ ಬಣ್ಣ ಬಿಡುತ್ತಾಳೆ. ಮತ್ತೆ ರಂಗಕ್ಕೆ ಕಾಲಿಟ್ಟಾಗ ಗಂಡ ಮಗುವನ್ನು ಎತ್ತಿಕೊಂಡು ಹೊರಟುಹೋಗುತ್ತಾನೆ. ಒಂದು ಷರತ್ತಿನಿಂದ ಶುರುವಾದ ದಾಂಪತ್ಯ ಆ ಷರತ್ತಿನ ಬೆಲೆಯನ್ನು ಕೊನೆಯವರೆಗೂ ತೆರುತ್ತದೆ. ಚಿತ್ರ ಎಲ್ಲೂ ಅದನ್ನು ಮರೆಯುವುದಿಲ್ಲ. ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕೆಂದು ಹಿಂದೂ ಅಪ್ರಾಪ್ತತೆ ಮತ್ತು ಪೋಷಕತ್ವ ಕಾಯ್ದೆ 1956ರಲ್ಲೇ ಹೇಳಿತ್ತು. ಇದೇ ಕತೆಯನ್ನು ಇಂದು ಬರೆಯುವವರಿಗೆ ‘ಅವಳು ಮಗುವನ್ನು ಕೇಳಲು ಏಕೆ ಹೋಗಲಿಲ್ಲ’ ಎಂಬ ಪ್ರಶ್ನೆಗೆ ಉತ್ತರ ಬೇಕಾಗುತ್ತದೆ. ಹಣವಿರಲಿಲ್ಲವೇ, ನಾಚಿಕೆಯೇ, ‘ನಾಟಕದವಳು’ ಎಂಬ ಮಾತನ್ನು ಕಟಕಟೆಯಲ್ಲಿ ಕೇಳಬೇಕಾದೀತು ಎಂಬ ಭಯವೇ? ಈ ಒಂದೊಂದೂ ಒಂದೊಂದು ದೃಶ್ಯ.

ಈಗ ಸಹಿಯ ದೃಶ್ಯಕ್ಕೆ ಬರೋಣ. ನಮ್ಮನ್ನು ಹೆಚ್ಚು ಕಾಡುವುದು ಇದೇ. ಕವರಿನಿಂದ ಕಾಗದ ತೆಗೆದು ಟೀಪಾಯಿಯ ಮೇಲಿಡುತ್ತಾರೆ. ‘ಡೈವೋರ್ಸ್ ಪೇಪರ್’. ಅವಳು ಸಹಿ ಹಾಕುತ್ತಾಳೆ, ತಾಳಿ ತೆಗೆದು ಪಕ್ಕದಲ್ಲಿಡುತ್ತಾಳೆ, ಮದುವೆ ಮುಗಿಯಿತು. ಹಿಂದೂ ವಿವಾಹ ಕಾಯ್ದೆಯಡಿ ಇಂಥದೊಂದು ಕಾಗದವೇ ಇಲ್ಲ. ಅವಳು ಸಹಿ ಹಾಕಿದ್ದು ಒಂದು ಅರ್ಜಿಗೆ. ಪರಸ್ಪರ ಒಪ್ಪಿಗೆಯ ವಿಚ್ಛೇದನ ನಮ್ಮ ಕಾನೂನಿಗೆ ಬಂದದ್ದೇ 1976ರ ತಿದ್ದುಪಡಿಯಿಂದ, 13ಬಿ ಕಲಮಿನ ರೂಪದಲ್ಲಿ. ಅರ್ಜಿ ಹಾಕುವ ಹೊತ್ತಿಗೆ ಇಬ್ಬರೂ ಕನಿಷ್ಠ ಒಂದು ವರ್ಷದಿಂದ ಬೇರೆಯಾಗಿರಬೇಕು. ಅರ್ಜಿ ಹಾಕಿದ ಮೇಲೆ 6 ತಿಂಗಳು ಕಾಯಬೇಕು. 18 ತಿಂಗಳೊಳಗೆ ಇಬ್ಬರೂ ಮತ್ತೆ ಬಂದು ‘ನಮ್ಮ ಮನಸ್ಸು ಬದಲಾಗಿಲ್ಲ’ ಎನ್ನಬೇಕು. ಹೇಳಿಕೆ ಕೇಳಿ, ಒಪ್ಪಿಗೆ ನಿಜವೇ ಎಂದು ಮನವರಿಕೆಯಾದ ಮೇಲಷ್ಟೇ ನ್ಯಾಯಾಧೀಶರು ಡಿಕ್ರಿ, ಅಂದರೆ ವಿಚ್ಛೇದನದ ಆದೇಶ, ಕೊಡುತ್ತಾರೆ. ಅಲ್ಲಿಯವರೆಗೆ ಯಾರೊಬ್ಬರು ಬೇಕಾದರೂ ಒಪ್ಪಿಗೆ ಹಿಂಪಡೆಯಬಹುದು ಎಂದು ಸುಪ್ರೀಂ ಕೋರ್ಟ್ 1991ರಲ್ಲಿ ಸ್ಪಷ್ಟಪಡಿಸಿತು. ಜೀವನಾಂಶ, ಮಕ್ಕಳು, ಆಸ್ತಿ ಎಲ್ಲವೂ ಇತ್ಯರ್ಥವಾಗಿ, ರಾಜಿಯ ಯತ್ನ ಸೋತು, ಬೇರೆಯಾಗಿ ಒಂದೂವರೆ ವರ್ಷ ದಾಟಿದ್ದರೆ ಆ 6 ತಿಂಗಳನ್ನು ಮನ್ನಾ ಮಾಡಬಹುದು ಎಂದು 2017ರಲ್ಲಿ ಹೇಳಿತು. ‘ಮದುವೆ ಸರಿಪಡಿಸಲಾಗದಷ್ಟು ಮುರಿದಿದೆ’ ಎಂಬ ಒಂದೇ ಕಾರಣಕ್ಕೆ ವಿಚ್ಛೇದನ ಕೊಡುವ ಅಧಿಕಾರ ಸುಪ್ರೀಂ ಕೋರ್ಟಿಗೆ ಮಾತ್ರ ಇದೆ, ಸಂವಿಧಾನದ 142ನೇ ವಿಧಿಯಡಿ. 2023ರ ಮೇ ತಿಂಗಳ ಸಂವಿಧಾನ ಪೀಠದ ತೀರ್ಪು ಅದು.

ಇಷ್ಟೆಲ್ಲ ಹೇಳುತ್ತಿರುವುದು ತಪ್ಪು ಹುಡುಕುವುದಕ್ಕಲ್ಲ. 40ನೇ ದೃಶ್ಯದಲ್ಲಿ ಸಹಿ, 42ನೇ ದೃಶ್ಯದಲ್ಲಿ ಸ್ವತಂತ್ರಳು ಎಂದು ಬರೆದಾಗ ನಡುವಿನ ಆರು ತಿಂಗಳು ಹಾರಿಹೋಗುತ್ತದಲ್ಲ, ಕತೆ ಇರುವುದೇ ಆ ಆರು ತಿಂಗಳಲ್ಲಿ. ಇನ್ನೂ ಒಂದು ಸೂಕ್ಷ್ಮವಿದೆ. ‘ಬೇರೆಯಾಗಿರುವುದು’ ಎಂದರೆ ಬೇರೆ ಮನೆಯಲ್ಲೇ ಇರಬೇಕೆಂದಿಲ್ಲ. ಒಂದೇ ಸೂರಿನಡಿ ಇದ್ದೂ ಗಂಡ ಹೆಂಡತಿಯಾಗಿ ಬಾಳದಿದ್ದರೆ ಸಾಕು ಎಂದು ಅದೇ 1991ರ ತೀರ್ಪು ಹೇಳುತ್ತದೆ. ಎರಡು ಕೋಣೆಯ ಬಾಡಿಗೆ ಮನೆ, ಒಂದೇ ಬಚ್ಚಲು, ಒಂದೇ ಗ್ಯಾಸ್ ಸಿಲಿಂಡರು. ಒಬ್ಬರು ಏಳಕ್ಕೆ ಉಂಡರೆ ಇನ್ನೊಬ್ಬರು ಒಂಬತ್ತಕ್ಕೆ. ಮಾಲೀಕರ ಎದುರು ದಂಪತಿ, ಬಾಗಿಲು ಹಾಕಿದ ಮೇಲೆ ಇಬ್ಬರು ಬಾಡಿಗೆದಾರರು. ಬೆಂಗಳೂರಿನ ಬಾಡಿಗೆ ದರದಲ್ಲಿ ಹೀಗೆ ಬದುಕುವವರು ಇದ್ದಾರೆ. ಈ ಚಿತ್ರವನ್ನು ಯಾರಾದರೂ ಮಾಡಲಿ ಎಂದು ನಾವು ಕಾಯುತ್ತಿದ್ದೇವೆ.

ಕಾನೂನಿನ ಕ್ಯಾಲೆಂಡರು ಚಿತ್ರಕಥೆಯ ಬೆನ್ನೆಲುಬಾಗಬಲ್ಲದು ಎಂಬುದಕ್ಕೆ ತಮಿಳಿನ ‘ಮೌನ ರಾಗಂ’ ಸಾಕ್ಷಿ. ಮದುವೆಯಾಗಿ ಒಂದು ವರ್ಷ ಆಗುವ ಮುನ್ನ ವಿಚ್ಛೇದನದ ಅರ್ಜಿ ಹಾಕುವಂತಿಲ್ಲ, ಅಸಾಧಾರಣ ಕಷ್ಟವಿದ್ದರೆ ಮಾತ್ರ ವಿನಾಯಿತಿ ಎಂಬ ಹಿಂದೂ ವಿವಾಹ ಕಾಯ್ದೆಯ 14ನೇ ಕಲಮಿನ ಮೇಲೆಯೇ 1986ರ ಆ ಚಿತ್ರ ನಿಂತಿದೆ. ಬೇರೆಯಾಗಲು ಒಪ್ಪಿದ ಇಬ್ಬರೂ ಆ ವರ್ಷ ಮುಗಿಯುವವರೆಗೆ ಒಂದೇ ಮನೆಯಲ್ಲಿರಬೇಕಾಗುತ್ತದೆ. ಬದಲಾವಣೆಗೆ ಸಮಯ ಸಿಗುವುದು ಅಲ್ಲಿ. ಅದರ ನಿರ್ದೇಶಕ ಮಣಿರತ್ನಂ ಮೊದಲ ಚಿತ್ರ ಮಾಡಿದ್ದು ಕನ್ನಡದಲ್ಲಿ, 1983ರ ‘ಪಲ್ಲವಿ ಅನುಪಲ್ಲವಿ’. ಗಂಡನಿಂದ ಬೇರೆಯಾಗಿ, ವಿಚ್ಛೇದನವೂ ಆಗದೆ, ಮಗನೊಂದಿಗೆ ಬದುಕುತ್ತಿರುವ ಅನು ಅಲ್ಲಿದ್ದಾಳೆ. ಆ ನಡುಗಡ್ಡೆಯ ಬದುಕನ್ನು ಲಕ್ಷ್ಮಿ ಅಭಿನಯಿಸಿದ ಬಗೆಯನ್ನು ನೋಡಿ. ಅವಳನ್ನು ಶಿಕ್ಷಿಸುವ ಆತುರ ಚಿತ್ರಕ್ಕಿಲ್ಲ.

ನಮ್ಮದೇ ನೆಲದ ಒಂದು ವಿಷಯ ಪರದೆಗೆ ಹೆಚ್ಚು ಬಂದಿಲ್ಲ. ವಿಧವೆಯ ಸಂಕಟ ಎಂದರೆ ಕನ್ನಡದ ಒಳ್ಳೆಯ ಚಿತ್ರಗಳು ಹೆಚ್ಚಾಗಿ ಬ್ರಾಹ್ಮಣ ಮನೆಯನ್ನೇ ತೋರಿಸಿವೆ. ‘ಘಟಶ್ರಾದ್ಧ’, ‘ಫಣಿಯಮ್ಮ’ ಎರಡೂ ದೊಡ್ಡ ಚಿತ್ರಗಳು, ಅವುಗಳ ಬಗ್ಗೆ ಎರಡು ಮಾತಿಲ್ಲ. ಆದರೆ ಕರ್ನಾಟಕದ ಹಲವಾರು ಸಮುದಾಯಗಳಲ್ಲಿ ಉಡಿಕೆ, ಕೂಡಿಕೆ ಎಂಬ ಮರುಮದುವೆಯ ಪದ್ಧತಿ ಇತ್ತು. ಉತ್ತರ ಕರ್ನಾಟಕದ ಕೆಲವೆಡೆ ಸೋಡಚೀಟಿ ಎಂಬ ಬಿಡುಗಡೆಯ ಪತ್ರ ಬರೆದು ಬೇರೆಯಾಗುತ್ತಿದ್ದರು. ಹಿಂದೂ ವಿವಾಹ ಕಾಯ್ದೆಯ 29ನೇ ಕಲಂ ರೂಢಿಯ ವಿಚ್ಛೇದನವನ್ನು ಇಂದಿಗೂ ಉಳಿಸಿದೆ, ರೂಢಿ ಇತ್ತೆಂದು ಹೇಳುವವರು ಅದನ್ನು ಸಾಬೀತು ಮಾಡಬೇಕು ಅಷ್ಟೇ. ಬಿಡುಗಡೆ ಎಂಬುದು ನಗರದಿಂದ, ಓದಿನಿಂದ, ಇಂಗ್ಲಿಷಿನಿಂದ ಬಂದ ವಸ್ತು ಎಂದು ನಂಬಿ ಬರೆಯುವವರು ತಮ್ಮ ಅಜ್ಜಿಯಂದಿರ ಕಾಲದ ಪಂಚಾಯಿತಿ ಕಟ್ಟೆಯ ಮಾತುಗಳನ್ನು ಒಮ್ಮೆ ವಿಚಾರಿಸಬೇಕು. ಅಲ್ಲಿ ಸ್ವಾತಂತ್ರ್ಯವಿತ್ತು, ಅದಕ್ಕೆ ತೆರಬೇಕಾದ ದಂಡವೂ ಇತ್ತು, ಉಡಿಕೆಯಾದವಳನ್ನು ಶುಭಕಾರ್ಯಗಳಲ್ಲಿ ಹಿಂದೆ ನಿಲ್ಲಿಸುವ ತಾರತಮ್ಯವೂ ಇತ್ತು. ಕತೆಗೆ ಇದಕ್ಕಿಂತ ಫಲವತ್ತಾದ ಜಾಗ ಬೇಕೇ?

ಕೋರ್ಟಿನ ದೃಶ್ಯಗಳ ಬಗ್ಗೆ ಬೇಗ ಹೇಳಿಬಿಡುತ್ತೇವೆ. ನಮ್ಮ ನ್ಯಾಯಾಧೀಶರು ಸುತ್ತಿಗೆ ಕುಟ್ಟುವುದಿಲ್ಲ. ಭಗವದ್ಗೀತೆಯ ಮೇಲೆ ಕೈಯಿಡಿಸುವುದಿಲ್ಲ. 1969ರ ಪ್ರಮಾಣವಚನ ಕಾಯ್ದೆಯಂತೆ ದೇವರ ಹೆಸರಿನಲ್ಲೋ ಸತ್ಯನಿಷ್ಠೆಯಿಂದಲೋ ಬಾಯಲ್ಲಿ ಹೇಳಿದರೆ ಸಾಕು. ಗಂಡ ಹೆಂಡತಿಯ ಪ್ರಕರಣವನ್ನು ಊರವರೆಲ್ಲ ಗ್ಯಾಲರಿಯಲ್ಲಿ ಕೂತು ನೋಡುವಂತಿಲ್ಲ. 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ ಪ್ರಕಾರ ಇಬ್ಬರಲ್ಲಿ ಒಬ್ಬರು ಕೇಳಿದರೂ ವಿಚಾರಣೆ ಮುಚ್ಚಿದ ಬಾಗಿಲಲ್ಲೇ ನಡೆಯಬೇಕು; ವಕೀಲರನ್ನು ಇಟ್ಟುಕೊಳ್ಳುವುದು ಅಲ್ಲಿ ಹಕ್ಕಲ್ಲ, ನ್ಯಾಯಾಲಯದ ಅನುಮತಿಯಿಂದ ಆಗುವಂಥದ್ದು; ರಾಜಿಗೆ ಯತ್ನಿಸುವುದು ನ್ಯಾಯಾಧೀಶರ ಮೊದಲ ಕರ್ತವ್ಯ. ಸಾಕ್ಷಿಯ ಮೊದಲ ಹೇಳಿಕೆ (ಮುಖ್ಯ ವಿಚಾರಣೆ) ಸಾಮಾನ್ಯವಾಗಿ ಪ್ರಮಾಣಪತ್ರದ ಮೂಲಕ ಕಾಗದದಲ್ಲೇ ಸಲ್ಲಿಕೆಯಾಗುತ್ತದೆ, ಹಾಗಾಗಿ ಆರ್ಭಟದ ಭಾಷಣಕ್ಕೆ ಜಾಗ ಕಡಿಮೆ. ನಿಜವಾದ ನಾಟಕ ನಡೆಯುವುದು ಹೊರಗಿನ ಬೆಂಚಿನಲ್ಲಿ. ಇಬ್ಬರ ಹೆಸರನ್ನೂ ಒಟ್ಟಿಗೆ ಕೂಗುತ್ತಾರೆ. ತಿಂಗಳಿಂದ ಮಾತು ಬಿಟ್ಟವರು ಒಂದೇ ಬಾಗಿಲಲ್ಲಿ ಒಟ್ಟಿಗೆ ಒಳಗೆ ಹೋಗಬೇಕು. ನಿಮಿಷದಲ್ಲಿ ಮುಂದಿನ ವಾಯಿದೆ ಬಿದ್ದು ಇಬ್ಬರೂ ಹೊರಗೆ ಬರುತ್ತಾರೆ. ಅವಳು ಆ ಅರ್ಧ ದಿನಕ್ಕೆ ಕೆಲಸಕ್ಕೆ ರಜೆ ಹಾಕಿ, ಮಗುವನ್ನು ಪಕ್ಕದ ಮನೆಯಲ್ಲಿ ಬಿಟ್ಟು ಬಂದಿರುತ್ತಾಳೆ.

ಚಿತ್ರಕಥೆಗೆ ತುಂಬ ಕೊಡಬಲ್ಲ ಒಂದು ಕಾಗದ ಇದೆ, ಇಲ್ಲಿಯವರೆಗೆ ಅದನ್ನು ಬಳಸಿದ ಕನ್ನಡ ಚಿತ್ರ ನಮ್ಮ ಕಣ್ಣಿಗೆ ಬಿದ್ದಿಲ್ಲ. ಜೀವನಾಂಶ ಕೇಳುವ ಪ್ರಕರಣದಲ್ಲಿ ಇಬ್ಬರೂ ತಮ್ಮ ಆಸ್ತಿ ಮತ್ತು ಹೊಣೆಗಳ ಪ್ರಮಾಣಪತ್ರ ಸಲ್ಲಿಸಬೇಕು ಎಂದು ಸುಪ್ರೀಂ ಕೋರ್ಟ್ 2020ರ ನವೆಂಬರ್‌ನಲ್ಲಿ ಆದೇಶಿಸಿತು. ಸಂಬಳ, ಬ್ಯಾಂಕ್ ಖಾತೆಗಳು, ಸಾಲದ ಕಂತು, ಬಾಡಿಗೆ, ದಿನಸಿ, ಮಗುವಿನ ಶಾಲೆ ಶುಲ್ಕ, ಔಷಧಿ, ಒಡವೆ, ಅವಲಂಬಿತರು, ಎಲ್ಲವೂ ಅದರಲ್ಲಿ ಬರಬೇಕು. ಹತ್ತು ವರ್ಷ ಸಂಸಾರ ಮಾಡಿದವಳಿಗೆ ಗಂಡನ ಸಂಬಳ ಎಷ್ಟೆಂದು ಗೊತ್ತಾಗುವುದು ಈ ಕಾಗದ ಓದಿದಾಗ. ತಿಂಗಳಿಗೆ ಮನೆಗೆ ಎಷ್ಟು ಲೀಟರ್ ಹಾಲು, ಎಷ್ಟು ಕೆಜಿ ಅಕ್ಕಿ ಬೇಕು ಎಂಬುದನ್ನು ಗಂಡ ಮೊದಲ ಸಲ ಯೋಚಿಸುವುದೂ ಆಗಲೇ. ‘ದಿನಸಿ’ ಎಂಬ ಸಾಲಿನ ಎದುರು ಅವನು ಅಂದಾಜಿನಲ್ಲಿ ಒಂದು ಅಂಕಿ ಬರೆಯುತ್ತಾನೆ, ಅವಳು ಇನ್ನೊಂದು ಬರೆಯುತ್ತಾಳೆ. ಆ ಎರಡು ಅಂಕಿಗಳ ಅಂತರದಲ್ಲಿ ಆ ಮದುವೆಯ ಇಡೀ ಚರಿತ್ರೆ ಇರುತ್ತದೆ. ಕ್ಯಾಮೆರಾ ಎರಡು ಹಾಳೆಗಳ ಮೇಲೆ ಸರಿದರೆ ಸಾಕು, ಒಂದು ಸಾಲು ಸಂಭಾಷಣೆಯೂ ಬೇಡ. ಮಧ್ಯಂತರ ಜೀವನಾಂಶ ಕೇಳುವ ಹಕ್ಕು ಹಿಂದೂ ವಿವಾಹ ಕಾಯ್ದೆಯ 24ನೇ ಕಲಮಿನಲ್ಲಿ ಇಬ್ಬರಿಗೂ ಇದೆ. ಕೆಲಸ ಕಳೆದುಕೊಂಡ ಗಂಡನೂ ಕೇಳಬಹುದು. ಅದನ್ನು ಕೇಳಲು ಅವನಿಗೆ ಅಡ್ಡ ಬರುವುದೇನು ಎಂಬುದರಲ್ಲಿಯೂ ಒಂದು ಚಿತ್ರವಿದೆ.

ಇನ್ನು ರಾಜಿ. ಬೆಂಗಳೂರಿನ ಮಧ್ಯಸ್ಥಿಕೆ ಕೇಂದ್ರ 2007ರಿಂದ ಕೆಲಸ ಮಾಡುತ್ತಿದೆ, ಜಿಲ್ಲೆಗಳಲ್ಲೂ ಕೇಂದ್ರಗಳಿವೆ. ಮತ್ತೆ ಕೂಡಿ ಬಾಳುತ್ತೇವೆ ಎಂದು ಬಂದವರು ಅಲ್ಲಿ ಅಪ್ಪಿಕೊಂಡು ಎದ್ದುಹೋಗುವುದಿಲ್ಲ, ಕೂತು ಬರೆಯುತ್ತಾರೆ. ಚೆನ್ನಾಗಿ ಬರೆದ ರಾಜಿಪತ್ರದ ಸಾಲುಗಳು ಹೀಗಿರುತ್ತವೆ: ಪ್ರತಿ ತಿಂಗಳ 5ನೇ ತಾರೀಖಿನೊಳಗೆ ಇಬ್ಬರೂ ಮನೆಖರ್ಚಿನ ಖಾತೆಗೆ ಇಂತಿಷ್ಟು ಹಾಕುವುದು. ಆಕೆಯ ಸಂಬಳದ ಖಾತೆಯ ಕಾರ್ಡು ಆಕೆಯ ಬಳಿಯೇ ಇರುವುದು. ಮನೆಯ ಎರಡನೇ ಕೀಲಿ ಆಕೆಗೆ ಕೊಡುವುದು. ತವರಿಗೆ ಹೋಗುವಾಗ ತಿಳಿಸಿದರೆ ಸಾಕು, ಅನುಮತಿ ಬೇಕಿಲ್ಲ. ಅತ್ತೆಯವರ ಔಷಧಿಯ ಖರ್ಚು ಮಗನದು, ಆಸ್ಪತ್ರೆಗೆ ಕರೆದೊಯ್ಯುವ ಕೆಲಸ ಸರದಿಯಲ್ಲಿ. ಫೋನಿನ ಪಾಸ್‌ವರ್ಡ್ ಇಬ್ಬರೂ ಕೇಳುವಂತಿಲ್ಲ. ಕುಡಿತ ಬಿಡುವ ಚಿಕಿತ್ಸೆಗೆ ಇಂಥ ದಿನದಿಂದ ಹೋಗುವುದು, ಚೀಟಿ ತೋರಿಸುವುದು. ಮೂರು ತಿಂಗಳ ನಂತರ ಮತ್ತೆ ಬಂದು ಹೇಗೆ ನಡೆದಿದೆ ಎಂದು ತಿಳಿಸುವುದು.

ಕೆಡುವುದು ಎಲ್ಲಿ ಎಂಬುದೂ ನಮಗೆ ಗೊತ್ತು. ‘ಇನ್ನು ಮುಂದೆ ಹೊಂದಿಕೊಂಡು ಹೋಗುವುದು’, ‘ಗೌರವದಿಂದ ನಡೆದುಕೊಳ್ಳುವುದು’ ಎಂದಷ್ಟೇ ಬರೆದ ರಾಜಿ ಬಹಳ ದಿನ ಉಳಿಯುವುದಿಲ್ಲ. ಯಾರು, ಯಾವಾಗ, ಏನು ಮಾಡಬೇಕು ಎಂದು ಇಲ್ಲದಿದ್ದರೆ ಮುರಿದದ್ದು ಯಾರು ಎಂದು ಹೇಳಲಾಗುವುದಿಲ್ಲ. ಇನ್ನೊಂದು, ಮೇಜಿನ ಬಳಿ ಇಲ್ಲದವರಿಂದ ಮುರಿಯುತ್ತದೆ. ಅತ್ತೆಯ ಕೈಯಲ್ಲಿದ್ದ ಬೀರುವಿನ ಕೀಲಿ ಸೊಸೆಗೆ ಹೋಗಬೇಕು ಎಂದು ಗಂಡ ಹೆಂಡತಿ ಒಪ್ಪಿದರು, ಅತ್ತೆಯನ್ನು ಯಾರೂ ಕೇಳಲಿಲ್ಲ; ಮೊದಲ ಹಬ್ಬದಲ್ಲೇ ಅದು ಒಡೆಯುತ್ತದೆ. ಅತ್ತೆಯನ್ನು ಖಳಳನ್ನಾಗಿ ಮಾಡುವ ಚಿತ್ರಗಳು ಇದನ್ನು ಕಾಣುವುದಿಲ್ಲ. ಮೂವತ್ತು ವರ್ಷ ಮನೆ ನಡೆಸಿದ ಹೆಂಗಸಿನ ಕೈಯಿಂದ ಅವಳಿಗಿದ್ದ ಒಂದೇ ಅಧಿಕಾರ ಜಾರುತ್ತಿದೆ. ಸೊಸೆಯ ಸ್ವಾತಂತ್ರ್ಯಕ್ಕೆ ಗಂಡ ತನ್ನ ಜೇಬಿನಿಂದ ಏನನ್ನೂ ಕೊಡದೆ ತಾಯಿಯ ಸೊಂಟದ ಕೀಲಿ ಕೊಡಿಸುತ್ತಾನೆ. ಇದನ್ನು ಹೀಗೆ ಬರೆದರೆ ಅತ್ತೆಯ ಪಾತ್ರ ಮಾಡುವ ನಮ್ಮ ಹಿರಿಯ ಕಲಾವಿದೆಯರಿಗೂ ಮೈತುಂಬ ಕೆಲಸ ಸಿಗುತ್ತದೆ.

ಮಳೆಯ ರಾತ್ರಿಯಲ್ಲಿ ಸೂಟ್‌ಕೇಸು ಎಸೆದು ಸೊಸೆಯನ್ನು ಹೊರಗೆ ತಳ್ಳುವ ದೃಶ್ಯ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣೆ ಕಾಯ್ದೆ ಜಾರಿಗೆ ಬಂದದ್ದು 2006ರ ಅಕ್ಟೋಬರ್ 26ರಂದು. ಅದರ 17ನೇ ಕಲಂ ಪ್ರಕಾರ ಸಂ­ಸಾರ ಮಾಡಿದ ಮನೆಯಲ್ಲಿ ಇರುವ ಹಕ್ಕು ಅವಳಿಗಿದೆ, ಆ ಮನೆ ಅವಳ ಹೆಸರಿನಲ್ಲಿ ಇಲ್ಲದಿದ್ದರೂ. ಮನೆ ಮಾವನ ಹೆಸರಿನಲ್ಲಿದೆ ಎಂಬ ಒಂದೇ ಕಾರಣಕ್ಕೆ ಆ ಹಕ್ಕು ಹೋಗುವುದಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಣ ಕೊಡದೆ ಸತಾಯಿಸುವುದನ್ನೂ ಈ ಕಾಯ್ದೆ ಹಿಂಸೆ ಎಂದೇ ಕರೆಯುತ್ತದೆ. ಸೂಟ್‌ಕೇಸು ಎಸೆಯುವುದು ಬೇಡ ಎನ್ನುತ್ತಿಲ್ಲ, ನಿಜ ಜೀವನದಲ್ಲೂ ಎಸೆಯುತ್ತಾರೆ. ಆದರೆ ನಿಮ್ಮ ನಾಯಕಿಗೆ 181 ಸಹಾಯವಾಣಿ ಗೊತ್ತಿರಲಿ, ಈ ಕಾಯ್ದೆಯಡಿ ನೆರವಿಗೆ ಸಂರಕ್ಷಣಾಧಿಕಾರಿ ಎಂಬವರು ಇದ್ದಾರೆಂದು ಗೊತ್ತಿರಲಿ. ಗೊತ್ತಿದ್ದೂ ಅವಳು ಕರೆ ಮಾಡದಿದ್ದರೆ ಆಗ ಅದು ಪಾತ್ರ. ಗೊತ್ತೇ ಇಲ್ಲದಂತೆ ಬರೆದರೆ ಅದು ಬರೆದವರ ಅಜ್ಞಾನ.

ಗಂಡಿನ ಕಡೆಯ ದೃಶ್ಯವೂ ಹೀಗೆಯೇ ಹಳಸಿದೆ. ಹೆಂಡತಿ ದೂರು ಕೊಟ್ಟ ಗಳಿಗೆಯಲ್ಲೇ ಜೀಪು ಬಂದು ಮುದುಕ ಅಪ್ಪ ಅಮ್ಮನನ್ನು ಎಳೆದೊಯ್ಯುತ್ತದೆ. ಹೆಂಡತಿಯ ಮೇಲೆ ಗಂಡ, ಅವನ ಮನೆಯವರು ಎಸಗುವ ಕ್ರೌರ್ಯಕ್ಕೆ ಶಿಕ್ಷೆ ಹೇಳುತ್ತಿದ್ದ ಹಳೆಯ ದಂಡಸಂಹಿತೆಯ 498ಎ ಕಲಂ ಈಗ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೇ ಕಲಮುಗಳಾಗಿದೆ, 2024ರ ಜುಲೈ 1ರಿಂದ. ಇಂಥ ಪ್ರಕರಣದಲ್ಲಿ ಕಣ್ಣುಮುಚ್ಚಿ ಬಂಧಿಸಕೂಡದು, ಬಂಧನ ಏಕೆ ಬೇಕೆಂದು ಪೊಲೀಸರು ಕಾರಣ ಬರೆಯಬೇಕು, ಬೇಡವಾದರೆ ಹಾಜರಾಗಲು ನೋಟಿಸು ಕೊಡಬೇಕು ಎಂದು ಸುಪ್ರೀಂ ಕೋರ್ಟ್ 2014ರಲ್ಲೇ ಹೇಳಿದೆ. ಪೊಲೀಸರು ಅದನ್ನು ಮೀರುವುದುಂಟು. ಹಾಗಿದ್ದರೆ ಮೀರಿದರೆಂದು ತೋರಿಸಿ, ಕಾನೂನೇ ಹಾಗಿದೆ ಎಂದು ತೋರಿಸಬೇಡಿ.

ಬಲವಂತದ ತಾಳಿಯ ಬಗ್ಗೆ ನಮಗೆ ಸಿಟ್ಟಿದೆ. ಖಳನಾಯಕ ಅಡ್ಡಗಟ್ಟಿ ತಾಳಿ ಬಿಗಿಯುತ್ತಾನೆ, ಅವಳು ಅಂದಿನಿಂದ ಅವನ ಹೆಂಡತಿ, ಮಿಕ್ಕ ಚಿತ್ರವೆಲ್ಲ ಅವನನ್ನು ತಿದ್ದುವುದಕ್ಕೆ. ಇದನ್ನು ಪ್ರೇಮವೆಂದು ಮಾರಿದ್ದೇವೆ. ಎರಡು ಪಕ್ಷದಲ್ಲಿ ಒಂದರ ರೂಢಿಯ ವಿಧಿಗಳು ನಡೆಯದೆ ಹಿಂದೂ ವಿವಾಹವೇ ಆಗುವುದಿಲ್ಲ. ಬಲವಂತದಿಂದ ವಿಧಿ ಮಾಡಿಸಿದ್ದರೂ ಹಿಂದೂ ವಿವಾಹ ಕಾಯ್ದೆಯ 12ನೇ ಕಲಮಿನಡಿ ಅದನ್ನು ರದ್ದು ಮಾಡಿಸಬಹುದು, ಬಲವಂತ ನಿಂತ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು.

ಓಡಿಹೋದ ಪ್ರೇಮಿಗಳು ಅದೇ ಸಂಜೆ ರಿಜಿಸ್ಟ್ರಾರ್ ಕಚೇರಿಯಲ್ಲಿ ಹಾರ ಬದಲಾಯಿಸಿಕೊಳ್ಳುವ ದೃಶ್ಯಕ್ಕೂ ಇದೇ ಗತಿ. 1954ರ ವಿಶೇಷ ವಿವಾಹ ಕಾಯ್ದೆಯಡಿ ಮೊದಲು ನೋಟಿಸು ಕೊಡಬೇಕು. ಇಬ್ಬರಲ್ಲಿ ಒಬ್ಬರು ಆ ಜಿಲ್ಲೆಯಲ್ಲಿ 30 ದಿನ ವಾಸವಿದ್ದಿರಬೇಕು. ನೋಟಿಸನ್ನು ಎಲ್ಲರಿಗೂ ಕಾಣುವಂತೆ ಹಾಕುತ್ತಾರೆ, 30 ದಿನ ಆಕ್ಷೇಪಣೆಗೆ ಅವಕಾಶ. ಆಮೇಲೆ ಮೂವರು ಸಾಕ್ಷಿಗಳ ಎದುರು ಮದುವೆ. ಬೇರೆ ಬೇರೆ ಧರ್ಮದ ಇಬ್ಬರ ಹೆಸರು ಊರ ನಡುವಿನ ಕಚೇರಿಯ ಗೋಡೆಯ ಮೇಲೆ ಒಂದು ತಿಂಗಳು ತೂಗುತ್ತಿರುತ್ತದೆ, ಯಾವ ಕ್ಷಣದಲ್ಲಿ ಯಾರು ಓದುತ್ತಾರೋ ತಿಳಿಯದು. ಈ ಮೂವತ್ತು ದಿನಗಳನ್ನು ಬಿಟ್ಟು ಕಾರಿನ ಚೇಸಿಂಗ್ ತೋರಿಸುವುದು ಏಕೆಂದು ನಮಗೆ ಇಂದಿಗೂ ಅರ್ಥವಾಗಿಲ್ಲ.

ಕಾಗದ ಹಿಡಿದು ಹೋರಾಡುವ ಹೆಂಗಸನ್ನು ಚೆನ್ನಾಗಿ ತೋರಿಸಿದ ಕನ್ನಡ ಚಿತ್ರ ಎಂದರೆ ನಮಗೆ ನೆನಪಾಗುವುದು ಗಿರೀಶ ಕಾಸರವಳ್ಳಿಯವರ ‘ಹಸೀನಾ’, 2004ರದ್ದು. ಬಾನು ಮುಷ್ತಾಕ್ ಅವರ ‘ಕರಿ ನಾಗರಗಳು’ ಕತೆ ಅದರ ಮೂಲ. ಬಾನು ಅವರಿಗೆ 2025ರಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂದ ಮೇಲೆ ಅವರ ಹೆಸರು ಹೊಸ ಓದುಗರಿಗೂ ತಲುಪಿದೆ. ಹೆಣ್ಣುಮಕ್ಕಳನ್ನು ಹೆತ್ತಳೆಂದು ಗಂಡ ಬಿಟ್ಟುಹೋದ ಹಸೀನಾ ನ್ಯಾಯ ಕೇಳುತ್ತಾ ಹೋಗುವುದು ತನ್ನದೇ ಸಮುದಾಯದ ಹಿರಿಯರ ಬಳಿಗೆ, ಮಸೀದಿಯ ಬಾಗಿಲಿಗೆ. ತಾರಾ ಅವರಿಗೆ ರಾಷ್ಟ್ರಪ್ರಶಸ್ತಿ ತಂದ ಪಾತ್ರ. ಗಂಡ ಎರಡು ವರ್ಷ ಜೀವನೋಪಾಯಕ್ಕೆ ಕೊಡದಿದ್ದರೆ, ನಾಲ್ಕು ವರ್ಷ ಪತ್ತೆಯಿಲ್ಲದಿದ್ದರೆ ಮುಸ್ಲಿಂ ಹೆಂಡತಿ ವಿಚ್ಛೇದನ ಕೇಳಬಹುದೆಂದು 1939ರ ಕಾಯ್ದೆಯೇ ಹೇಳಿದೆ. ಅಷ್ಟು ಹಳೆಯ ಹಕ್ಕು ಅವಳ ಬಾಗಿಲಿಗೆ ತಲುಪದಿರಲು ನಡುವೆ ಯಾರು ಯಾರು ನಿಂತಿದ್ದಾರೆ ಎಂಬುದನ್ನು ‘ಹಸೀನಾ’ ಒಬ್ಬೊಬ್ಬರನ್ನಾಗಿ ತೋರಿಸುತ್ತದೆ.

ಮದುವೆ ಮುರಿಯದೆ ಬದಲಾಗುವ ಚಿತ್ರ ಬೇಕಿದ್ದರೆ ಸತ್ಯಜಿತ್ ರೇ ಅವರ 1963ರ ‘ಮಹಾನಗರ’ ನೋಡಿ. ಕೆಲಸ ಬಿಡು ಎಂದ ಗಂಡನೇ ತಾನು ಕೆಲಸ ಮಾಡುತ್ತಿದ್ದ ಬ್ಯಾಂಕು ಮುಳುಗಿದಾಗ ಬಿಡಬೇಡ ಎನ್ನುತ್ತಾನೆ. ಕೊನೆಯಲ್ಲಿ ಅವಳು ರಾಜೀನಾಮೆ ಕೊಡುವುದು ಗಂಡನಿಗಾಗಿ ಅಲ್ಲ, ಸಹೋದ್ಯೋಗಿಗೆ ಆದ ಅನ್ಯಾಯಕ್ಕಾಗಿ. ಇಬ್ಬರಿಗೂ ಕೆಲಸವಿಲ್ಲ, ಆದರೂ ಮೊದಲ ಸಲ ಸಮಸಮವಾಗಿ ಪಕ್ಕಪಕ್ಕ ನಡೆಯುತ್ತಾರೆ. ಮುರಿದ ಮದುವೆಯ ಮರುದಿನ ಬೇಕಿದ್ದರೆ ಮಲಯಾಳದ 2021ರ ‘ದಿ ಗ್ರೇಟ್ ಇಂಡಿಯನ್ ಕಿಚನ್’ ಇದೆ. ಸೋರುವ ಸಿಂಕಿನ ಪೈಪು ಸರಿಮಾಡಿಸು ಎಂದು ಹೇಳಿ ಹೇಳಿ ಸಾಕಾಗಿ ಅವಳು ಹೊರಟುಹೋದ ಮೇಲೆಯೂ ಆ ಚಿತ್ರ ಮುಗಿಯುವುದಿಲ್ಲ. ಅದೇ ಮನೆಗೆ ಎರಡನೇ ಹೆಂಡತಿ ಬಂದಿರುವುದನ್ನು, ಅವನು ಒಂದಿಷ್ಟೂ ಬದಲಾಗದಿರುವುದನ್ನು ತೋರಿಸಿ ಆಮೇಲೆ ಮುಗಿಯುತ್ತದೆ.

ಅಕಾಡೆಮಿಯವರಲ್ಲಿ ನಮ್ಮ ಕೋರಿಕೆಗಳು ದೊಡ್ಡವಲ್ಲ. ಚಿತ್ರಕಥೆಯ ಕಾರ್ಯಾಗಾರಗಳಲ್ಲಿ ಎರಡು ದಿನವನ್ನು ಈ ವಿಷಯಕ್ಕೆ ಕೊಡಿ. ಒಂದು ದಿನ ವಕೀಲರು ಮತ್ತು ಆಪ್ತಸಮಾಲೋಚಕರು ನಮೂನೆ ಕಾಗದಗಳನ್ನು ಮುಂದಿಟ್ಟು ಮಾತಾಡಲಿ. ನಿಜವಾದ ಪ್ರಕರಣದ ಕಡತ ಯಾರಿಗೂ ತೋರಿಸುವಂತಿಲ್ಲ. ಮುಚ್ಚಿದ ಬಾಗಿಲ ವಿಚಾರಣೆಯನ್ನು ಪ್ರಕಟಿಸುವುದು ಹಿಂದೂ ವಿವಾಹ ಕಾಯ್ದೆಯ 22ನೇ ಕಲಮಿನ ಉಲ್ಲಂಘನೆ. ಯಾರದೋ ಸಂಸಾರದ ಗುಟ್ಟು ಬೇಕಿಲ್ಲ, ಖಾಲಿ ನಮೂನೆಯೇ ಸಾಕು. ಎರಡನೇ ದಿನ ಬರೆಯುವ ಕೆಲಸ. ಪ್ರತಿಯೊಬ್ಬರೂ ತಮ್ಮ ಚಿತ್ರಕಥೆಯ ರಾಜಿ ದೃಶ್ಯದ ನಂತರ ಮೂರು ದೃಶ್ಯ ಬರೆಯಲಿ: ಮರುದಿನ ಬೆಳಿಗ್ಗೆ ಆರರಿಂದ ಎಂಟರವರೆಗೆ ಅಡುಗೆಮನೆ, ಸಂಬಳ ಬಂದ ದಿನ, ಗೌರಿ ಹಬ್ಬಕ್ಕೆ ತವರಿನಿಂದ ಕರೆ ಬಂದ ಗಳಿಗೆ. ಈ ಮೂರರಲ್ಲಿ ಹಳೆಯ ಮನೆಯೇ ಮರಳಿ ಕಂಡರೆ ರಾಜಿ ದೃಶ್ಯವನ್ನು ತಿದ್ದಬೇಕು. ಮೂರೂ ದೃಶ್ಯ ಚಿತ್ರದಲ್ಲಿ ಉಳಿಯಬೇಕೆಂದಿಲ್ಲ, ಬರೆದಿದ್ದರೆ ಸಾಕು.

ಎರಡನೆಯದು, ಹಳೆಯ ಚಿತ್ರಗಳ ಪ್ರತಿಗಳು. ಪುನರುಜ್ಜೀವನಗೊಂಡ ‘ಘಟಶ್ರಾದ್ಧ’ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನ ಕಂಡಿತು. ‘ಬೆಳ್ಳಿಮೋಡ’, ‘ಶರಪಂಜರ’, ‘ರಂಗನಾಯಕಿ’, ‘ಹಸೀನಾ’ಗಳಿಗೂ ಅಂಥ ಪ್ರತಿಗಳು ಬೇಕು, ಜಿಲ್ಲಾ ಕೇಂದ್ರಗಳಲ್ಲಿ ಅವು ದೊಡ್ಡ ಪರದೆಯ ಮೇಲೆ ಬರಬೇಕು. ಬರೆಯಲು ಹೊರಟ ಯುವಕ ಯುವತಿಯರು ಇವನ್ನು ಫೋನಿನಲ್ಲಿ, ಮಸುಕಾದ ತುಣುಕುಗಳಲ್ಲಿ ನೋಡಿ ಕಲಿಯುವಂತಾಗಬಾರದು.

ಕಾರ್ಯಾಗಾರಕ್ಕೆ ನಮ್ಮಿಂದ ಆಗುವ ಸಹಾಯವನ್ನು ಸಂಭಾವನೆ ಇಲ್ಲದೆ ಮಾಡುತ್ತೇವೆ. ಕೋರ್ಟಿಗೆ ಬೇಸಿಗೆ ರಜೆ ಇರುವ ದಿನಗಳಲ್ಲಿ ಇಟ್ಟುಕೊಂಡರೆ ಹೆಚ್ಚು ಜನ ಬರಬಹುದು. ನಮೂನೆ ರಾಜಿಪತ್ರ, ಆಸ್ತಿ-ಹೊಣೆಗಳ ಪ್ರಮಾಣಪತ್ರ, ವಿಶೇಷ ವಿವಾಹದ ನೋಟಿಸು, ಈ ಮೂರರ ಕನ್ನಡ ಪ್ರತಿಗಳನ್ನು ಬಂದವರಿಗೆಲ್ಲ ಕೊಡುವಷ್ಟು ನಾವೇ ತರುತ್ತೇವೆ.

ಇಂತಿ,
ಕೌಟುಂಬಿಕ ನ್ಯಾಯಾಲಯಗಳಲ್ಲಿ, ಮಧ್ಯಸ್ಥಿಕೆ ಕೇಂದ್ರಗಳಲ್ಲಿ ಕೆಲಸ ಮಾಡುವ ಕನ್ನಡ ಚಿತ್ರಪ್ರೇಮಿಗಳು